‘ಸೆಟ್ಲಮೆಂಟ್ ಮಂದಿ’: ಒಂದು ಪೂರ್ವಗ್ರಹದ ಚರಿತ್ರೆ

ನಾನು ಅಕ್ಕಲಕೋಟ ತಾಲೂಕಿನವ. ಸಣ್ಣವನಿದ್ದಾಗ ಸೊಲ್ಲಾಪುರಕ್ಕೆ ಹೊರಟರೆ ಅಜ್ಜಿ, ‘ಗಂಟು ಜ್ವಾಕಿ, ಅಲ್ಲಿ ಸೆಟ್ಲಮೆಂಟ್ ಮಂದಿ ಇರ್ತಾರ’ ಅಂತಿದ್ಳು. ಆಕೆಯ ಗಂಟನ್ನು ಯಾರೂ ಕದ್ದಿರಲಿಲ್ಲ. ಹಾಗಾದರೆ ಈ ಭಯ ಎಲ್ಲಿಯದು?

ಉತ್ತರ ಭಾರತದಲ್ಲಿ 1871ರಲ್ಲಿ ಜಾರಿಯಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮುಂಬಯಿ ಪ್ರಾಂತಕ್ಕೂ ಬಂತು. ಕೈಕಾಡಿ, ಪಾರಧಿ ಮುಂತಾದವರು ಹುಟ್ಟಿದ ಕಾರಣಕ್ಕೇ ಶಂಕಿತರಾದರು. ಅಂಥವರನ್ನು ಸೊಲ್ಲಾಪುರದಲ್ಲಿ ಮುಳ್ಳುತಂತಿಯೊಳಗಿನ ಸೆಟ್ಲಮೆಂಟಿನಲ್ಲಿಟ್ಟು, ಹಾಜರಿ ಹಿಡಿದು, ಗಿರಣಿಗಳಲ್ಲಿ ದುಡಿಸಲಾಯಿತು. ಪಾಸಿಲ್ಲದೆ ಹೊರಹೋಗುವಂತಿರಲಿಲ್ಲ.

ಇಲ್ಲೊಂದು ಸಂಗತಿ ಗಮನಿಸಬೇಕು. ಹಾಜರಿ ತಪ್ಪಿಸುವುದೂ ಅಪರಾಧವೇ ಆಗಿತ್ತು. ನೆಂಟರ ಮನೆಗೆ ಹೋದವನಿಗೂ ಶಿಕ್ಷೆಯಾಗಬಹುದಿತ್ತು. ಶಿಕ್ಷೆಯಾದ ಮೇಲೆ, ‘ನೋಡ್ರಿ, ನಾವು ಹೇಳಿರಲಿಲ್ಲೇನು?’ ಅನ್ನಲು ದಾರಿಯಾಯಿತು. ಪೂರ್ವಗ್ರಹ ತನಗೆ ಬೇಕಾದ ಪುರಾವೆಯನ್ನು ತಾನೇ ಹುಟ್ಟಿಸಿಕೊಂಡಿತು.

ಭಾಷೆಯೂ ಇದರಲ್ಲಿ ಪಾಲುದಾರ. ನಮ್ಮ ಗಡಿಭಾಗದ ‘ಗಂಟಿಚೋರ’ ಸಮುದಾಯದ ಹೆಸರಿನಲ್ಲೇ ಕಳವು ಇದೆ. ಹೆಸರು ಹಿಡಿದು ಕರೆದರೆ ಸಾಕು, ಆರೋಪ ಹೊರಿಸಿದಂತೆ.

1952ರ ಆಗಸ್ಟ್ 31ರಂದು ದೇಶದಾದ್ಯಂತ ಕಾಯ್ದೆ ರದ್ದಾಯಿತು. ಅವರು ‘ವಿಮುಕ್ತ’ರಾದರು. ಆದರೂ ಸೊಲ್ಲಾಪುರದಲ್ಲಿ ‘ಸೆಟ್ಲಮೆಂಟ್ ಫ್ರೀ ಕಾಲೋನಿ’ ಎಂಬ ವಿಳಾಸ ಇಂದಿಗೂ ಇದೆ. ‘ಫ್ರೀ’ ಸೇರಿತು, ‘ಸೆಟ್ಲಮೆಂಟ್’ ಹೋಗಲಿಲ್ಲ.

ನಮ್ಮಜ್ಜಿ ಕಾಯ್ದೆ ಓದಿದವಳಲ್ಲ. ಆದರೆ ರದ್ದಾದ ಕಾಯ್ದೆಯ ಮಾತು ಆಕೆಯ ಬಾಯಲ್ಲಿ ಉಳಿದಿತ್ತು. ಈ ಪ್ರಬಂಧಕ್ಕಾಗಿ ಆ ಕಾಲೋನಿಗೆ ಹೋದಾಗ, ರಿಕ್ಷಾ ಇಳಿಯುತ್ತಲೇ ನನ್ನ ಕೈ ತಾನಾಗಿ ಕಿಸೆ ಮುಟ್ಟಿ ನೋಡಿತು. ಅಲ್ಲಿ ಒಬ್ಬ ಹಿರಿಯರು ಅದನ್ನು ಕಂಡರು, ಏನೂ ಅನ್ನದೆ ಕುಳಿತುಕೊಳ್ಳಲು ಕುರ್ಚಿ ಕೊಟ್ಟರು.