ಮಕ್ಕಳ ಜಿಪಿಎಸ್ ಕೈಗಡಿಯಾರ ಮತ್ತು ತುರ್ತು ಬಳಕೆಯ ಕಲಿಕೆ

ಮಕ್ಕಳ ಜಿಪಿಎಸ್ ಕೈಗಡಿಯಾರವು ಅದನ್ನು ಧರಿಸಿದ ಮಗು ಇರುವ ಸ್ಥಳವನ್ನು ಉಪಗ್ರಹಗಳ ಸಂಕೇತದಿಂದ ಗುರುತಿಸಿ, ಆ ಮಾಹಿತಿಯನ್ನು ಮೊಬೈಲ್ ಜಾಲದ ಮೂಲಕ ಪೋಷಕರ ದೂರವಾಣಿಗೆ ತಲುಪಿಸುವ ಸಾಧನವಾಗಿದೆ. ಇಂತಹ ಬಹುತೇಕ ಗಡಿಯಾರಗಳಲ್ಲಿ ಎಸ್‌ಒಎಸ್ ಎಂಬ ತುರ್ತು ಗುಂಡಿ ಇರುತ್ತದೆ. ಮಗು ದಾರಿ ತಪ್ಪಿದಾಗ, ಗಾಯಗೊಂಡಾಗ ಅಥವಾ ಯಾರಿಂದಲಾದರೂ ಅಪಾಯ ಎದುರಾದಾಗ ಈ ಗುಂಡಿಯನ್ನು ಒತ್ತಿ ಹಿಡಿದರೆ, ಮೊದಲೇ ನಮೂದಿಸಿದ ಸಂಖ್ಯೆಗಳಿಗೆ ಕರೆಯೂ ಸ್ಥಳದ ವಿವರವೂ ರವಾನೆಯಾಗುತ್ತವೆ. ಗಡಿಯಾರದ ಉಪಯೋಗವು ಮಗುವಿಗೆ ದೊರೆತಿರುವ ಅಭ್ಯಾಸವನ್ನು ಅವಲಂಬಿಸಿರುತ್ತದೆ. ಗುಂಡಿಯನ್ನು ಯಾವಾಗ ಒತ್ತಬೇಕು, ಕರೆ ಸಿಕ್ಕಾಗ ಏನು ಹೇಳಬೇಕು, ನೆರವು ಬರುವವರೆಗೆ ಎಲ್ಲಿ ಇರಬೇಕು ಎಂಬ ಮೂರು ವಿಷಯಗಳು ಈ ಕಲಿಕೆಯ ತಿರುಳು. ರಾಯಚೂರು ತಾಲ್ಲೂಕಿನ ಮಟಮಾರಿ, ದೇವದುರ್ಗ ಮತ್ತು ಮಾನ್ವಿಯಂತಹ ನದಿ, ಕಾಲುವೆ ಹಾಗೂ ರಾಜ್ಯದ ಗಡಿಗೆ ಸಮೀಪವಿರುವ ಪ್ರದೇಶಗಳಲ್ಲಿ ಈ ಕಲಿಕೆಗೆ ಸ್ಥಳೀಯವಾದ ಕೆಲವು ಅಗತ್ಯಗಳೂ ಸೇರಿಕೊಳ್ಳುತ್ತವೆ.

ಹಿನ್ನೆಲೆ

ಜಿಪಿಎಸ್ ಅಮೆರಿಕ ಸಂಯುಕ್ತ ಸಂಸ್ಥಾನದ ರಕ್ಷಣಾ ಇಲಾಖೆಯು ರೂಪಿಸಿದ ವ್ಯವಸ್ಥೆ. ಇದು 1995ರಲ್ಲಿ ಪೂರ್ಣ ಪ್ರಮಾಣದಲ್ಲಿ ಕಾರ್ಯಾರಂಭ ಮಾಡಿತು. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಕನಿಷ್ಠ 24 ಉಪಗ್ರಹಗಳು ಇದಕ್ಕಾಗಿ ಪರಿಭ್ರಮಿಸುತ್ತಿರುತ್ತವೆ. ಜಪಾನಿನ ಕ್ಯಾಸಿಯೊ ಕಂಪನಿಯು 1999ರಲ್ಲಿ ಜಿಪಿಎಸ್ ಅಳವಡಿಸಿದ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಸಿಮ್ ಕಾರ್ಡ್ ಹಾಕಬಹುದಾದ ಮಕ್ಕಳ ಗಡಿಯಾರಗಳು 2010ರ ದಶಕದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು.

ಭಾರತವು ನಾವಿಕ್ ಎಂಬ ತನ್ನದೇ ಪಥದರ್ಶಕ ಉಪಗ್ರಹ ವ್ಯವಸ್ಥೆಯನ್ನು ಹೊಂದಿದೆ. ಇದರ ಮೊದಲ ಉಪಗ್ರಹವನ್ನು ಇಸ್ರೊ 2013ರ ಜುಲೈ 1ರಂದು ಉಡಾಯಿಸಿತು. ಇದಕ್ಕೆ ಸಂಬಂಧಿಸಿದ ಪಥದರ್ಶನ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ.

ತುರ್ತು ಕರೆಗಳಿಗಾಗಿ ಭಾರತದಲ್ಲಿ 112 ಎಂಬ ಏಕೀಕೃತ ಸಂಖ್ಯೆ ಜಾರಿಯಲ್ಲಿದೆ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. ಈ ಸಹಾಯವಾಣಿಯು 1996ರಲ್ಲಿ ಮುಂಬೈಯಲ್ಲಿ ಆರಂಭಗೊಂಡು, ಮುಂದೆ ದೇಶದಾದ್ಯಂತ ವಿಸ್ತರಿಸಿತು. ಕೇಂದ್ರ ಸರ್ಕಾರದ ನಿಯಮದಂತೆ 2017ರ ಜನವರಿ 1ರಿಂದ ದೇಶದಲ್ಲಿ ಮಾರಾಟವಾಗುವ ಮೊಬೈಲ್ ಫೋನ್‌ಗಳಲ್ಲಿ ತುರ್ತು ಗುಂಡಿಯ ಸೌಲಭ್ಯ ಕಡ್ಡಾಯವಾಗಿದೆ. ಗುಂಡಿಗಳುಳ್ಳ ಸಾಮಾನ್ಯ ಫೋನ್‌ಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದರಿಂದ, ಸ್ಮಾರ್ಟ್‌ಫೋನ್‌ಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಬಾರಿ ಒತ್ತುವುದರಿಂದ ತುರ್ತು ಕರೆ ಹೋಗುವಂತೆ ಈ ನಿಯಮವನ್ನು ರೂಪಿಸಲಾಯಿತು.

ಕಾರ್ಯವಿಧಾನ

ಗಡಿಯಾರದ ಕೆಲಸದಲ್ಲಿ ಎರಡು ಪ್ರತ್ಯೇಕ ಭಾಗಗಳಿವೆ. ಮೊದಲನೆಯದು ಸ್ಥಳದ ನಿರ್ಣಯ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತಲುಪಲು ಹಿಡಿದ ಕಾಲವನ್ನು ಹೋಲಿಸಿ ಗಡಿಯಾರವು ತಾನಿರುವ ಅಕ್ಷಾಂಶ ಮತ್ತು ರೇಖಾಂಶಗಳನ್ನು ಲೆಕ್ಕ ಹಾಕುತ್ತದೆ. ಎರಡನೆಯದು ಮಾಹಿತಿಯ ರವಾನೆ. ಜಿಪಿಎಸ್ ಗ್ರಾಹಕವು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ, ಸಂಕೇತಗಳನ್ನು ಸ್ವೀಕರಿಸುತ್ತದೆ ಅಷ್ಟೆ. ಪೋಷಕರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಸಿಮ್ ಕಾರ್ಡ್ ಮತ್ತು ಮೊಬೈಲ್ ಗೋಪುರಗಳು ಮಾಡುತ್ತವೆ. ಆದುದರಿಂದ ಬಯಲಿನಲ್ಲಿ ಸ್ಥಳ ನಿಖರವಾಗಿ ಗೊತ್ತಾದರೂ ಮೊಬೈಲ್ ಸಂಕೇತವಿಲ್ಲದಿದ್ದರೆ ಸುದ್ದಿ ಹೋಗದು.

ತೆರೆದ ಆಕಾಶದ ಕೆಳಗೆ ಸ್ಥಳ ನಿರ್ಣಯದ ದೋಷವು ಸಾಮಾನ್ಯವಾಗಿ ಕೆಲವೇ ಮೀಟರ್‌ಗಳಷ್ಟಿರುತ್ತದೆ. ಕಾಂಕ್ರೀಟ್ ಕಟ್ಟಡ, ತಗಡಿನ ಚಾವಣಿ ಮತ್ತು ನೆಲಮಾಳಿಗೆಗಳಲ್ಲಿ ಸಂಕೇತ ಕ್ಷೀಣಿಸುತ್ತದೆ. ಆಗ ಹಲವು ಗಡಿಯಾರಗಳು ವೈಫೈ ಅಥವಾ ಮೊಬೈಲ್ ಗೋಪುರದ ಆಧಾರದಿಂದ ಸ್ಥಳವನ್ನು ಅಂದಾಜು ಮಾಡುತ್ತವೆ. ಗೋಪುರಗಳು ವಿರಳವಾಗಿರುವ ಹಳ್ಳಿಗಾಡಿನಲ್ಲಿ ಈ ಅಂದಾಜು ಕಿಲೋಮೀಟರ್‌ಗಳಷ್ಟು ತಪ್ಪಬಹುದು. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ.ಗೆ ಸಮ. ದಶಾಂಶದ ನಂತರದ ನಾಲ್ಕನೆಯ ಅಂಕಿಯಲ್ಲಿ ಒಂದರಷ್ಟು ವ್ಯತ್ಯಾಸವಾದರೆ ನೆಲದ ಮೇಲೆ ಸುಮಾರು 11 ಮೀಟರ್ ವ್ಯತ್ಯಾಸವಾಗುತ್ತದೆ.

ಗಡಿಯಾರವು ಯಾವ ತಲೆಮಾರಿನ ಜಾಲವನ್ನು ಬಳಸುತ್ತದೆ ಎಂಬುದೂ ಮುಖ್ಯ. ಹಳೆಯ ಮಾದರಿಗಳಲ್ಲಿ ಕೆಲವು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜಿಯೊದಂತಹ 2ಜಿ ಸೇವೆಯಿಲ್ಲದ ಜಾಲಗಳ ಸಿಮ್ ಅವುಗಳಲ್ಲಿ ನಡೆಯುವುದಿಲ್ಲ.

ಕಲಿಸುವ ಕ್ರಮ

ಮಕ್ಕಳ ಸುರಕ್ಷತಾ ಕೌಶಲಗಳ ಕುರಿತ ಮನೋವಿಜ್ಞಾನದ ಅಧ್ಯಯನಗಳಲ್ಲಿ ವರ್ತನಾ ಕೌಶಲ ತರಬೇತಿ ಎಂಬ ವಿಧಾನವು ಪ್ರಮುಖವಾಗಿದೆ. ಹೇಳಿಕೊಡುವುದು, ಮಾಡಿ ತೋರಿಸುವುದು, ಮಗುವಿನಿಂದಲೇ ಮಾಡಿಸುವುದು ಹಾಗೂ ತಿದ್ದಿ ಮೆಚ್ಚುವುದು ಇದರ ನಾಲ್ಕು ಅಂಗಗಳು. ಬಾಯಿಮಾತಿನಲ್ಲಿ ಕಲಿತ ಮಗು ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರೂ ನಿಜವಾದ ಸನ್ನಿವೇಶದಲ್ಲಿ ಹಾಗೆ ನಡೆದುಕೊಳ್ಳದಿರಬಹುದು ಎಂಬುದು ಈ ಅಧ್ಯಯನಗಳಿಂದ ಕಂಡುಬಂದ ಅಂಶ. ಹೀಗಾಗಿ ಅಭ್ಯಾಸವನ್ನು ಮನೆಯೊಳಗಷ್ಟೇ ಮುಗಿಸದೆ ಶಾಲೆಯ ದಾರಿ, ಸಂತೆ, ಬಸ್ ನಿಲ್ದಾಣ ಮತ್ತು ಜಾತ್ರೆಯ ಬಯಲಿನಲ್ಲಿಯೂ ನಡೆಸುವುದು ಸೂಕ್ತ.

ಗುರುತಿಸುವುದು: ತುರ್ತು ಎಂದರೇನು ಎಂಬುದನ್ನು ಉದಾಹರಣೆಗಳಿಂದ ತಿಳಿಸಬೇಕು. ಜೊತೆಯಲ್ಲಿದ್ದ ಹಿರಿಯರು ಕಾಣದಿರುವುದು, ಯಾರಾದರೂ ಬಲವಂತವಾಗಿ ಕರೆದೊಯ್ಯುವುದು, ಹಿರಿಯರು ಪ್ರಜ್ಞೆ ತಪ್ಪಿ ಬೀಳುವುದು, ಹಾವು ಕಚ್ಚುವುದು, ಬೆಂಕಿ ಹತ್ತುವುದು ಮೊದಲಾದವು ತುರ್ತು ಸಂದರ್ಭಗಳು. ಆಟಿಕೆ ಕಳೆದುಹೋದುದು ಅಥವಾ ಗೆಳೆಯನೊಡನೆ ಜಗಳವಾದುದು ಇದರಲ್ಲಿ ಸೇರುವುದಿಲ್ಲ.

ಒತ್ತುವುದು: ಹೆಚ್ಚಿನ ಗಡಿಯಾರಗಳಲ್ಲಿ ಗುಂಡಿಯನ್ನು ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿಯಬೇಕಾಗುತ್ತದೆ. ಪರದೆ ಬದಲಾಗುವವರೆಗೆ ಅಥವಾ ಗಡಿಯಾರ ಕಂಪಿಸುವವರೆಗೆ ಬೆರಳು ತೆಗೆಯಬಾರದೆಂಬುದನ್ನು ಮಗು ಅನುಭವದಿಂದಲೇ ಕಲಿಯಬೇಕು. ಕತ್ತಲಲ್ಲಿ ತಡಕಿ ಗುಂಡಿಯನ್ನು ಗುರುತಿಸುವ ಅಭ್ಯಾಸವೂ ಬೇಕು.

ಹೇಳುವುದು: ಕರೆ ಸಿಕ್ಕೊಡನೆ ತನ್ನ ಹೆಸರು, ಇರುವ ಊರು, ಕಣ್ಣಿಗೆ ಕಾಣುವ ಗುರುತು ಮತ್ತು ನಡೆದ ಸಂಗತಿ ಎಂಬ ನಾಲ್ಕನ್ನು ಈ ಕ್ರಮದಲ್ಲಿ ಹೇಳುವಂತೆ ತರಬೇತಿ ನೀಡಬೇಕು. ದೇವಸ್ಥಾನ, ಶಾಲೆ, ನೀರಿನ ಟ್ಯಾಂಕು, ಕಿಲೋಮೀಟರ್ ಕಲ್ಲು, ವಿದ್ಯುತ್ ಕಂಬದ ಸಂಖ್ಯೆ ಇವೆಲ್ಲ ಉತ್ತಮ ಗುರುತುಗಳು. ಆ ಕಡೆಯವರು ಹೇಳುವವರೆಗೆ ಕರೆಯನ್ನು ಕಡಿಯಬಾರದು.

ನಿಲ್ಲುವುದು: ದಾರಿ ತಪ್ಪಿದ ಮಗು ನಡೆಯುತ್ತಲೇ ಇದ್ದರೆ ಹುಡುಕಬೇಕಾದ ಪ್ರದೇಶ ಹಿಗ್ಗುತ್ತದೆ ಮತ್ತು ಗಡಿಯಾರ ಕಳುಹಿಸಿದ ಸ್ಥಳವೂ ಹಳತಾಗುತ್ತದೆ. 1981ರಲ್ಲಿ ಕ್ಯಾಲಿಫೋರ್ನಿಯಾದ ಪರ್ವತ ಪ್ರದೇಶದಲ್ಲಿ ಬಾಲಕನೊಬ್ಬ ದಾರಿ ತಪ್ಪಿ ಮೃತಪಟ್ಟ ಬಳಿಕ, ದಾರಿ ತಪ್ಪಿದ ಮಗು ಒಂದು ಮರದ ಬಳಿಯೇ ನಿಲ್ಲಬೇಕೆಂದು ಕಲಿಸುವ ಕಾರ್ಯಕ್ರಮವೊಂದು ಅಲ್ಲಿ ಆರಂಭವಾಯಿತು. ಬೆಂಕಿ, ಏರುತ್ತಿರುವ ನೀರು, ರೈಲು ಹಳಿ ಮತ್ತು ವಾಹನ ಸಂಚಾರದ ರಸ್ತೆ ಈ ನಿಯಮಕ್ಕೆ ಅಪವಾದಗಳು. ಅಲ್ಲಿ ಮೊದಲು ಸುರಕ್ಷಿತ ಜಾಗಕ್ಕೆ ಸರಿದು ಅನಂತರ ಗುಂಡಿ ಒತ್ತಬೇಕು. ಬೆನ್ನಟ್ಟಿ ಬರುವವರಿದ್ದರೆ ಜನರಿರುವ ಅಂಗಡಿ ಅಥವಾ ಮನೆಯತ್ತ ಓಡುವುದು ಮೊದಲ ಕೆಲಸ.

ಗಡಿಯಾರವಿಲ್ಲದೆ ನಿಭಾಯಿಸುವುದು: ಗಡಿಯಾರ ಕಳೆದುಹೋಗಬಹುದು, ಬ್ಯಾಟರಿ ಮುಗಿದಿರಬಹುದು, ಕೆಲವು ಶಾಲೆಗಳಲ್ಲಿ ಅದಕ್ಕೆ ಅನುಮತಿ ಇಲ್ಲದಿರಬಹುದು. ಆದಕಾರಣ ಮನೆಯ ಒಂದು ದೂರವಾಣಿ ಸಂಖ್ಯೆಯನ್ನೂ 112 ಹಾಗೂ 1098ನ್ನೂ ಮಗು ಕಂಠಪಾಠ ಮಾಡಿರಬೇಕು.

ಅಭ್ಯಾಸಕ್ಕಾಗಿ 112ಕ್ಕೆ ಕರೆ ಮಾಡಬಾರದು. ಗಡಿಯಾರದಲ್ಲಿ ಮನೆಯವರ ಸಂಖ್ಯೆಗಳನ್ನು ಮಾತ್ರ ಇರಿಸಿ, ಅವರಿಗೆ ಮೊದಲೇ ತಿಳಿಸಿ ಅಭ್ಯಾಸ ನಡೆಸಬೇಕು. ಅಕಸ್ಮಾತ್ ಗುಂಡಿ ಒತ್ತಿದ ಮಗುವನ್ನು ಗದರಿಸಿದರೆ ನಿಜವಾದ ಅಪಾಯದಲ್ಲಿಯೂ ಅದು ಹಿಂಜರಿಯುವ ಸಂಭವವಿದೆ. ತಪ್ಪಿ ಒತ್ತಿದಾಗ ಕರೆ ಕಡಿಯದೆ ಹಾಗೆಂದು ತಿಳಿಸುವುದನ್ನು ಕಲಿಸುವುದು ಉತ್ತಮ.

ರಾಯಚೂರು ಜಿಲ್ಲೆಯ ಸಂದರ್ಭ

ರಾಯಚೂರು ಜಿಲ್ಲೆಯು ಉತ್ತರದಲ್ಲಿ ಕೃಷ್ಣಾ ಮತ್ತು ದಕ್ಷಿಣದಲ್ಲಿ ತುಂಗಭದ್ರಾ ನದಿಗಳ ನಡುವೆ ಇದೆ. ರಾಯಚೂರು–ಗುಂತಕಲ್ಲು ರೈಲುಮಾರ್ಗದಲ್ಲಿ ನಿಲ್ದಾಣವುಳ್ಳ ಮಟಮಾರಿಯು ಆಂಧ್ರಪ್ರದೇಶದ ಗಡಿಗೆ ಹತ್ತಿರದಲ್ಲಿದೆ. ಗಡಿ ಪ್ರದೇಶದಲ್ಲಿ ಮೊಬೈಲು ನೆರೆರಾಜ್ಯದ ಗೋಪುರಕ್ಕೆ ಜೋಡಿಸಿಕೊಳ್ಳುವುದುಂಟು. ಹಾಗಾದಾಗ ತುರ್ತು ಕರೆಯು ಆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗಿ, ತೆಲುಗಿನಲ್ಲಿ ಉತ್ತರ ಬರುವ ಸಾಧ್ಯತೆ ಇರುತ್ತದೆ. ಆದ್ದರಿಂದ ಈ ಭಾಗದ ಮಕ್ಕಳು ಊರಿನ ಹೆಸರಿನೊಂದಿಗೆ ‘ರಾಯಚೂರು ಜಿಲ್ಲೆ, ಕರ್ನಾಟಕ’ ಎಂದು ಹೇಳಲು ಕಲಿತಿರುವುದು ಉಪಯುಕ್ತ.

ದೇವದುರ್ಗ ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯೂ ಮಾನ್ವಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯೂ ಹರಿಯುತ್ತವೆ. ಹೊಲಗದ್ದೆಗಳ ನಡುವೆ ಮನೆಸಂಖ್ಯೆ, ಬೀದಿಯ ಹೆಸರು ಇರುವುದಿಲ್ಲ. ಅಲ್ಲಿ ಉಪಕಾಲುವೆಯ ಸಂಖ್ಯೆ, ಸೇತುವೆ, ಪಂಪ್‌ಹೌಸ್ ಅಥವಾ ಹೊಲದ ಮಾಲೀಕರ ಹೆಸರು ಸ್ಥಳವನ್ನು ತಿಳಿಸಲು ನೆರವಾಗುತ್ತವೆ. ಹುಡುಕಿ ಬರುವವರು ನಕ್ಷೆಯ ಬಿಂದುವಿನ ಸಮೀಪಕ್ಕೆ ಬಂದ ಮೇಲೆ, ಕಾಲುವೆಯ ಯಾವ ದಂಡೆಗೆ ಹೋಗಬೇಕೆಂಬುದನ್ನು ಮಗುವಿನ ಮಾತು ಮಾತ್ರ ತಿಳಿಸಬಲ್ಲದು.

2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಯ ಪ್ರವಾಹದಿಂದ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಬಳಿ ಸೇತುವೆಯ ಮೇಲೆ ನೀರು ಹರಿದು ದಾರಿ ಕಾಣದಾಯಿತು. ಆಗ ಆ ಊರಿನ ಶಾಲಾ ಬಾಲಕನೊಬ್ಬ ನೀರಿನಲ್ಲಿ ಮುಂದೆ ಸಾಗಿ ಆಂಬುಲೆನ್ಸ್‌ಗೆ ದಾರಿ ತೋರಿಸಿದನು. ಮುಂದೆ ಅವನಿಗೆ ಶೌರ್ಯ ಪ್ರಶಸ್ತಿ ದೊರೆಯಿತು. ಪ್ರವಾಹದ ಸಮಯದಲ್ಲಿ ನಕ್ಷೆಯ ಮಾಹಿತಿಗಿಂತ ಸ್ಥಳೀಯರ ಅರಿವು ಮುಖ್ಯವಾಗುತ್ತದೆ ಎಂಬುದಕ್ಕೆ ಈ ಘಟನೆ ನಿದರ್ಶನ. ಆದರೂ ಹರಿಯುವ ನೀರಿಗೆ ಇಳಿಯಬಾರದು ಎಂಬುದೇ ಮಕ್ಕಳಿಗೆ ಕಲಿಸಬೇಕಾದ ನಿಯಮ. ಕೃಷ್ಣಾ ನದಿಯ ಕುರ್ವಕಲಾ, ಕುರ್ವಕುರ್ದಾದಂತಹ ನಡುಗಡ್ಡೆಗಳಲ್ಲಿ ಮಗು ಇರುವ ಸ್ಥಳ ತಿಳಿದರೂ ನದಿ ತುಂಬಿದಾಗ ಅಲ್ಲಿಗೆ ತಲುಪುವುದು ಕಷ್ಟ. ಅಂತಹ ಕಡೆ ನೀರು ಏರುವ ಮೊದಲೇ ಸುದ್ದಿ ಕೊಡುವುದನ್ನು ಕಲಿಸುವುದು ಅಗತ್ಯ.

ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅತಿಯಾದ ಶಾಖದಲ್ಲಿ ಲಿಥಿಯಂ ಬ್ಯಾಟರಿಯ ಬಾಳಿಕೆ ತಗ್ಗುವುದರಿಂದ ಗಡಿಯಾರವನ್ನು ಬಿಸಿಲಿನಲ್ಲಿ ಇಡುವುದು, ಬಿಸಿಲಲ್ಲೇ ಚಾರ್ಜ್ ಮಾಡುವುದು ಸೂಕ್ತವಲ್ಲ.

ಗಡಿಯಾರವನ್ನು ಕೊಳ್ಳಲಾಗದ ಕುಟುಂಬಗಳಿಗೂ ಮೇಲಿನ ಕಲಿಕೆಯ ಕ್ರಮ ಅನ್ವಯಿಸುತ್ತದೆ. ಮನೆಯಲ್ಲಿರುವ ಸಾಮಾನ್ಯ ಫೋನಿನ ತುರ್ತು ಗುಂಡಿಯನ್ನು ಬಳಸಲು ಮಗು ಕಲಿಯಬಹುದು. ಕೂಲಿಗಾಗಿ ಬೆಂಗಳೂರು ಮೊದಲಾದ ನಗರಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಅಲ್ಲಿನ ತಾತ್ಕಾಲಿಕ ವಾಸಸ್ಥಳದ ಹೆಸರೂ ಸ್ವಂತ ಊರು ಮತ್ತು ತಾಲ್ಲೂಕಿನ ಹೆಸರೂ ತಿಳಿದಿರಬೇಕು. ರೈಲು ಪ್ರಯಾಣದಲ್ಲಿ ಮಗು ಬೇರ್ಪಟ್ಟರೆ 139 ರೈಲ್ವೆ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಖಾಸಗಿತನ ಮತ್ತು ಭದ್ರತೆ

ಮಗುವಿನ ಸ್ಥಳವನ್ನು ಪೋಷಕರಿಗೆ ತೋರಿಸುವ ಸಾಧನವು ಭದ್ರತೆಯ ಲೋಪವಿದ್ದರೆ ಅಪರಿಚಿತರಿಗೂ ತೋರಿಸಬಲ್ಲದು. 2017ರ ಅಕ್ಟೋಬರ್‌ನಲ್ಲಿ ನಾರ್ವೆಯ ಗ್ರಾಹಕ ಮಂಡಳಿಯು ಮಕ್ಕಳ ಕೆಲವು ಗಡಿಯಾರಗಳಲ್ಲಿ ಗಂಭೀರ ಭದ್ರತಾ ಲೋಪಗಳಿರುವುದನ್ನು ವರದಿ ಮಾಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಜರ್ಮನಿಯ ದೂರಸಂಪರ್ಕ ನಿಯಂತ್ರಣ ಸಂಸ್ಥೆಯು ಸುತ್ತಲಿನ ಮಾತುಗಳನ್ನು ಗುಟ್ಟಾಗಿ ಆಲಿಸಲು ಅವಕಾಶವಿರುವ ಮಕ್ಕಳ ಗಡಿಯಾರಗಳ ಮಾರಾಟವನ್ನು ನಿಷೇಧಿಸಿತು. 2019ರಲ್ಲಿ ಯುರೋಪಿಯನ್ ಆಯೋಗವು ಮಕ್ಕಳ ಗಡಿಯಾರವೊಂದನ್ನು ಮಾರುಕಟ್ಟೆಯಿಂದ ಹಿಂಪಡೆಯುವ ಸೂಚನೆಯನ್ನು ಪ್ರಕಟಿಸಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶದ ಬಳಕೆಗೆ ಪೋಷಕರ ಪರಿಶೀಲಿತ ಒಪ್ಪಿಗೆಯನ್ನು ಅಗತ್ಯಗೊಳಿಸಿದೆ.

ಗಡಿಯಾರದೊಂದಿಗೆ ಬರುವ ಮೂಲ ಪಾಸ್‌ವರ್ಡನ್ನು ಬದಲಾಯಿಸುವುದು, ನೋಂದಾಯಿತ ಸಂಖ್ಯೆಗಳ ಕರೆಗಳನ್ನು ಮಾತ್ರ ಸ್ವೀಕರಿಸುವಂತೆ ಮಾಡುವುದು, ತಂತ್ರಾಂಶವನ್ನು ಆಗಾಗ ನವೀಕರಿಸುವುದು ಮುಖ್ಯ ಎಚ್ಚರಿಕೆಗಳು. ಯಾರು ತನ್ನ ಸ್ಥಳವನ್ನು ನೋಡಬಲ್ಲರು ಎಂಬುದನ್ನು ಮಗುವಿಗೂ ತಿಳಿಸಬೇಕು. ಗುಟ್ಟಾಗಿ ಕಣ್ಗಾವಲು ನಡೆದರೆ ಬೆಳೆದ ಮಗು ಗಡಿಯಾರವನ್ನೇ ಕಳಚಿಡಬಹುದು.

ಮಿತಿಗಳು

ನೆಲದಡಿಯ ಕೊಳವೆಬಾವಿಯಲ್ಲಿ ಅಥವಾ ನೀರಿನಲ್ಲಿ ಮುಳುಗಿದಾಗ ಜಿಪಿಎಸ್ ಕೆಲಸ ಮಾಡುವುದಿಲ್ಲ. ಅಪಹರಣಕಾರರು ಗಡಿಯಾರವನ್ನು ಕಿತ್ತೆಸೆಯಬಹುದು. ತೀರ ಚಿಕ್ಕ ಮಕ್ಕಳು ಗಾಬರಿಯಲ್ಲಿ ಗುಂಡಿಯನ್ನು ಮರೆಯಬಹುದು. ಮಾತು ಬಾರದ ಅಥವಾ ಶ್ರವಣದೋಷವುಳ್ಳ ಮಕ್ಕಳಿಗೆ ಕರೆಗಿಂತ ಸಂದೇಶ ಮತ್ತು ಕಂಪನದ ಸೌಲಭ್ಯ ಹೆಚ್ಚು ಉಪಯುಕ್ತ.

ಮತ್ತೊಂದು ಮಿತಿ ಹಿರಿಯರಿಗೆ ಸಂಬಂಧಿಸಿದ್ದು. ಹೊಲದಲ್ಲೋ ಕಾರ್ಖಾನೆಯಲ್ಲೋ ಕೆಲಸದಲ್ಲಿರುವ ಪೋಷಕರು ಕರೆಯನ್ನು ಸ್ವೀಕರಿಸದಿದ್ದರೆ ಮಗುವಿನ ಕಲಿಕೆಯೆಲ್ಲ ವ್ಯರ್ಥವಾಗುತ್ತದೆ. ಈ ಕಾರಣದಿಂದ ತುರ್ತು ಪಟ್ಟಿಯಲ್ಲಿ ಕನಿಷ್ಠ ಮೂವರ ಸಂಖ್ಯೆಗಳಿರುವುದು, ಅವರಲ್ಲಿ ಒಬ್ಬರು ಹಗಲಿನಲ್ಲಿ ಊರಲ್ಲೇ ಇರುವ ಅಜ್ಜಿ, ಚಿಕ್ಕಪ್ಪ ಅಥವಾ ನೆರೆಯವರಾಗಿರುವುದು ಅಪೇಕ್ಷಣೀಯ. ಕರೆ ಬಂದಾಗ ಯಾರು ಹೊರಡಬೇಕು, ಯಾರು 112ಕ್ಕೆ ತಿಳಿಸಬೇಕು, ಯಾರು ಮಗುವಿನೊಡನೆ ಮಾತು ಮುಂದುವರಿಸಬೇಕು ಎಂಬುದನ್ನು ಇವರು ತಮ್ಮೊಳಗೆ ಮೊದಲೇ ನಿಶ್ಚಯಿಸಿಕೊಂಡಿರಬೇಕು.