ನಕ್ಷೆ ಬರೆದವರು, ಕಟ್ಟಿದವರು: ಮ್ಯಾನ್‌ಹಟನ್‌ನ ಕಥೆ

ಗಲ್ಫಿನ ಕನ್ನಡಿಗರಲ್ಲಿ ಸೈಟಿನ ಧೂಳು ಕಾಣದವರು ಕಡಿಮೆ. ಆಸ್ಪತ್ರೆಯ ಫಾರ್ಮಸಿಯಲ್ಲಿ ನಿಂತಿರುವ ನಮಗೂ ಆ ಧೂಳು ಗೊತ್ತು. ಬೆನ್ನುನೋವಿಗೆ ಮಾತ್ರೆ ಪಡೆಯಲು ಬರುವ ನಮ್ಮೂರ ಹುಡುಗರು ಹೇಳುವುದು ಒಂದೇ ಮಾತು: "ಡ್ರಾಯಿಂಗ್ ಬದಲಾಯ್ತು ಸಾರ್, ಕಟ್ಟಿದ ಗೋಡೆ ಒಡೆದು ಮತ್ತೆ ಕಟ್ಟಿದ್ವಿ." ನಕ್ಷೆ ಬರೆಯುವವರು ಒಂದು ಕಡೆ, ಕಟ್ಟುವವರು ಇನ್ನೊಂದು ಕಡೆ ಇದ್ದರೆ ಹೀಗೇ. ಇಬ್ಬರನ್ನೂ ಒಂದೇ ಗುತ್ತಿಗೆಗೆ ತರುವ ಪದ್ಧತಿಗೆ 'ಡಿಸೈನ್ ಅಂಡ್ ಬಿಲ್ಡ್' ಎನ್ನುತ್ತಾರೆ. ನಮ್ಮ ಹಳ್ಳಿಯ ಮೇಸ್ತ್ರಿ ನೆಲದ ಮೇಲೆ ಗೆರೆ ಎಳೆದು ತಾನೇ ಮನೆ ಕಟ್ಟುತ್ತಿದ್ದನಲ್ಲ, ಅದರ ದೊಡ್ಡ ರೂಪ.

ಮ್ಯಾನ್‌ಹಟನ್‌ನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ನೋಡಿ. 1930ರ ಮಾರ್ಚ್ 17ರಂದು ಕಟ್ಟಲು ಶುರು, 1931ರ ಮೇ 1ರಂದು ಉದ್ಘಾಟನೆ. 102 ಅಂತಸ್ತು, ಸುಮಾರು 410 ದಿನ! ಕಾಗದದಲ್ಲಿ ವಾಸ್ತುಶಿಲ್ಪಿಗಳಾದ ಶ್ರೀವ್, ಲ್ಯಾಂಬ್ ಅಂಡ್ ಹಾರ್ಮನ್ ಬೇರೆ, ಕಟ್ಟಿದ ಸ್ಟಾರೆಟ್ ಬ್ರದರ್ಸ್ ಅಂಡ್ ಎಕೆನ್ ಬೇರೆ. ಆದರೆ ಮಾಲೀಕರ ಜೊತೆ ಇಬ್ಬರೂ ಮೊದಲಿನಿಂದಲೇ ಒಂದೇ ಮೇಜಿಗೆ ಕೂತರು. ನಕ್ಷೆಗಳು ಪೂರ್ತಿ ಮುಗಿಯುವ ಮೊದಲೇ ಕೆಲಸ ನಡೆದಿತ್ತು. ವಾರಕ್ಕೆ ಸರಾಸರಿ ನಾಲ್ಕೂವರೆ ಮಹಡಿ ಏರಿತು. ಸಾಮಾನು ಸಾಗಿಸಲು ಮಹಡಿಗಳಲ್ಲೇ ಪುಟ್ಟ ಹಳಿ, ಊಟಕ್ಕೆ ಮೇಲೆಯೇ ಕ್ಯಾಂಟೀನು. ಅಧಿಕೃತ ಲೆಕ್ಕದಲ್ಲಿ 5 ಕಾರ್ಮಿಕರು ಸತ್ತರು. ವೇಗದ ಕಥೆ ಹೇಳುವಾಗ ಈ ಸಂಖ್ಯೆಯನ್ನೂ ಹೇಳಬೇಕು.

ಸರಕಾರಿ ಕೆಲಸದ ದಾರಿ ಬೇರೆ. ಮುಂದೆ ವಿಕ್ಸ್ ಕಾನೂನು (ನೆಗಡಿಯ ವಿಕ್ಸ್ ಅಲ್ಲ!) ಎಂದು ಹೆಸರಾದ 1912ರ ನಿಯಮದಂತೆ ನ್ಯೂಯಾರ್ಕಿನಲ್ಲಿ ಪ್ಲಂಬಿಂಗ್, ಹೀಟಿಂಗ್, ಎಲೆಕ್ಟ್ರಿಕಲ್ ಕೆಲಸಗಳಿಗೆ ಬೇರೆ ಬೇರೆ ಗುತ್ತಿಗೆ. ತಡವಾದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು. 2011ರಲ್ಲಿ ರಾಜ್ಯದ ಕೆಲವು ಇಲಾಖೆಗಳಿಗೆ ಡಿಸೈನ್ ಅಂಡ್ ಬಿಲ್ಡ್ ಅನುಮತಿ ಸಿಕ್ಕಿತು. ನಗರಕ್ಕೆ ವ್ಯಾಪಕವಾಗಿ ಸಿಕ್ಕಿದ್ದು 2019ರ ಕೊನೆಗೆ. ಹಳೆಯ ಅಂಚೆ ಕಟ್ಟಡದೊಳಗೆ ಸುಮಾರು 160 ಕೋಟಿ ಡಾಲರಿನಲ್ಲಿ ಎದ್ದು, 2021ರ ಜನವರಿ 1ರಂದು ತೆರೆದ ಮೊಯ್ನಿಹಾನ್ ರೈಲು ನಿಲ್ದಾಣ ಈ ಪದ್ಧತಿಯದೇ.

ಆದರೂ ಫಾರ್ಮಸಿಯವರಾದ ನಮಗೆ ಒಂದು ಅನುಮಾನ. ಸುಮಾರು 1240ರಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ವೈದ್ಯನೇ ಬೇರೆ, ಔಷಧ ಕೊಡುವವನೇ ಬೇರೆ ಎಂದು ಕಟ್ಟಳೆ ಮಾಡಿದ. ಚೀಟಿ ಬರೆದವನೇ ಔಷಧ ಮಾರಿದರೆ ಡೋಸು ತಪ್ಪಿದಾಗ ಕೇಳುವವರು ಯಾರು?

ಬ್ರೂಕ್ಲಿನ್ ಸೇತುವೆಯ ಕಥೆ ಇದಕ್ಕೆ ಸಾಕ್ಷಿ. ಅದರ ಒಂದು ತುದಿ ಮ್ಯಾನ್‌ಹಟನ್‌ನಲ್ಲೇ ಇದೆ. ತಂತಿ ಸರಬರಾಜುದಾರ ಜೆ. ಲಾಯ್ಡ್ ಹೇಗ್ ಪರೀಕ್ಷೆಗೆ ಒಳ್ಳೆಯ ತಂತಿ ತೋರಿಸಿ, ದಾರಿಯಲ್ಲಿ ಕಳಪೆ ತಂತಿ ಸೇರಿಸುತ್ತಿದ್ದ. 1878ರಲ್ಲಿ ಸಿಕ್ಕಿಬಿದ್ದ. ಹಾಕಿದ ತಂತಿ ತೆಗೆಯುವಂತಿರಲಿಲ್ಲ. ಬೇಕಾದ್ದಕ್ಕಿಂತ ಆರು ಪಟ್ಟು ಬಲವಿರುವಂತೆ ವಿನ್ಯಾಸ ಮಾಡಿದ್ದರಿಂದ ಸೇತುವೆ ಉಳಿಯಿತು. ಪ್ರತಿ ಕೇಬಲ್ಲಿಗೂ ಸುಮಾರು 150 ತಂತಿ ಹೆಚ್ಚಿಗೆ ಹಾಕಿಸಿದರು. ಆ ವಿನ್ಯಾಸಕಾರರು ತಂತಿಯವನ ಸಂಬಳದಲ್ಲಿದ್ದಿದ್ದರೆ?

ಒಂದೇ ಗುತ್ತಿಗೆಯಿಂದ ಸಮಯ ಉಳಿಯುತ್ತದೆ, ಹೊಣೆಯೂ ಒಬ್ಬರದೇ ಆಗುತ್ತದೆ; ಇದನ್ನು ನಾವು ಒಪ್ಪುತ್ತೇವೆ. ಆದರೆ ಮಾಲೀಕನ ಕಡೆಯ ತಪಾಸಣೆಗಾರ ಬೇರೆಯೇ ಇರಬೇಕು, ಬೇಕಾದ್ದೆಲ್ಲ ಸಹಿಗೆ ಮೊದಲೇ ಬರೆದಿರಬೇಕು. ನಾವು ಕಂಡ ಒಂದು ಹೊಸ ಫಾರ್ಮಸಿಯಲ್ಲಿ ಲಸಿಕೆಯ ಫ್ರಿಜ್ ಇಡುವ ಗೋಡೆಗೆ ಪ್ಲಗ್ ಪಾಯಿಂಟೇ ಇರಲಿಲ್ಲ. ಟೆಂಡರಿನಲ್ಲಿ ಬರೆದಿಲ್ಲ ಎಂದರು. ಬರೆಯುವಾಗ ನಮ್ಮನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಗೋಡೆ ಒಡೆದು ವೈರ್ ಎಳೆದವನು ನಮ್ಮ ಬಿಜಾಪುರದ ಹುಡುಗ.