ರಾಚ್‌ಡೇಲಿನ ಅಂಗಡಿಯೂ ಸಂಭೂಯಸಮುತ್ಥಾನವೂ

ಹಲವರು ಕೂಡಿ ಮೂಲಧನವನ್ನು ಹಾಕಿ ವ್ಯಾಪಾರ ನಡೆಸುವುದು ಭಾರತೀಯರಿಗೆ ನೂತನವಾದುದಲ್ಲ. ಧರ್ಮಶಾಸ್ತ್ರಕಾರರು ಇದನ್ನು ಸಂಭೂಯಸಮುತ್ಥಾನವೆಂದು ಕರೆದು, ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿರುತ್ತಾರೆ. ಲಾಭನಷ್ಟಗಳು ಅವರವರು ಹಾಕಿದ ದ್ರವ್ಯಕ್ಕನುಸಾರವಾಗಿ, ಇಲ್ಲವೆ ಮೊದಲೇ ಮಾಡಿಕೊಂಡ ಒಡಂಬಡಿಕೆಯಂತೆ ಹಂಚಿಕೆಯಾಗತಕ್ಕವೆಂಬುದು ಯಾಜ್ಞವಲ್ಕ್ಯನ ಮತ. ಈ ಸ್ಮೃತಿಗೇ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಹೀಗಿರಲು, ಇಂಗ್ಲೆಂಡಿನ ಬಡ ಕೆಲಸಗಾರರ ಅಂಗಡಿಯೊಂದನ್ನು ಸಹಕಾರಪದ್ಧತಿಗೆ ಮಾದರಿಯೆಂದು ಲೋಕವು ಎಣಿಸುವುದೇಕೆಂಬುದು ವಿಚಾರಣೀಯವಾಗಿದೆ.

ಆಗ ಲ್ಯಾಂಕಷೈರಿಗೆ ಸೇರಿದ್ದ ರಾಚ್‌ಡೇಲ್ ಪಟ್ಟಣವು ಫ್ಲಾನಲ್ ಬಟ್ಟೆಯ ನೇಯ್ಗೆಗೆ ಹೆಸರಾಗಿದ್ದಿತು. ಅಲ್ಲಿಯ ಕೂಲಿಯವರಿಗೆ ಸಂಬಳವೂ ಅಲ್ಪ, ದೊರೆಯುವ ಹಿಟ್ಟೂ ಕಲಬೆರಕೆಯದು. ಉದ್ರಿಯ ದೆಸೆಯಿಂದ ಅಂಗಡಿಯವನಿಗೆ ಕಟ್ಟುಬಿದ್ದವರು ಬೇರೆ ಕಡೆಗೆ ಹೋಗುವಂತೆಯೂ ಇರಲಿಲ್ಲ. 1833ರಲ್ಲಿ ಅಲ್ಲಿಯ ಟೋಡ್ ಲೇನ್ ಎಂಬ ಬೀದಿಯಲ್ಲಿ ಒಂದು ಕೂಟದ ಅಂಗಡಿಯು ತೆರೆಯಲ್ಪಟ್ಟು, ಉದ್ರಿ ಕೊಟ್ಟುದರಿಂದಲೇ ಎರಡು ವರ್ಷಗಳಲ್ಲಿ ಮುಚ್ಚಿಹೋಯಿತು.

ಆ ಪಾಠವನ್ನು ಮರೆಯದೆ, 1844ರಲ್ಲಿ ನೇಕಾರರೇ ಮೊದಲಾದ 28 ಮಂದಿ ವಾರಕ್ಕೆ ಎರಡು ಮೂರು ಪೆನ್ಸುಗಳಂತೆ ಕೂಡಿಟ್ಟು 28 ಪೌಂಡು ಹಣವನ್ನು ಸಂಗ್ರಹಿಸಿದರು. ಅದೇ ಬೀದಿಯ ಉಗ್ರಾಣವೊಂದರ ಕೆಳಅಂತಸ್ತಿನಲ್ಲಿ ಡಿಸೆಂಬರ್ 21ರ ಸಂಜೆ ಅಂಗಡಿಯ ಕದವು ತೆರೆಯಿತು. ಒಳಗಿದ್ದುದು 28 ರಾತಲು ಬೆಣ್ಣೆ, 56 ರಾತಲು ಸಕ್ಕರೆ, ಕೊಂಚ ಗೋದಿಹಿಟ್ಟು, ಒಂದು ಚೀಲ ಓಟು ಧಾನ್ಯದ ಹಿಟ್ಟು, ಕೆಲವು ಮೇಣದ ಬತ್ತಿಗಳು; ಇಷ್ಟೇ. ಬೀದಿಯ ಹುಡುಗರು ನೇಕಾರರ ಅಂಗಡಿಯೆಂದು ಕೂಗಿ ಹಾಸ್ಯಮಾಡಿದರು.

ಇವರು ಏರ್ಪಡಿಸಿಕೊಂಡ ನಿಯಮಗಳಾದರೋ ಹಾಸ್ಯಾಸ್ಪದವಾಗಿರಲಿಲ್ಲ. ಕೈರೊಕ್ಕದ ವ್ಯಾಪಾರ, ಶುದ್ಧವಾದ ಪದಾರ್ಥ, ಸರಿಯಾದ ತೂಕ, ಪಾಲುಗಳು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ, ಸ್ತ್ರೀಯರಿಗೂ ಸದಸ್ಯತ್ವ. ಎಲ್ಲಕ್ಕಿಂತ ಮುಖ್ಯವಾದುದು ಲಾಭದ ಹಂಚಿಕೆ. ಮೂಲಧನಕ್ಕೆ ಮಿತವಾದ ಬಡ್ಡಿ ಮಾತ್ರ ಸಲ್ಲುವುದು. ಉಳಿದ ಲಾಭವು ಪ್ರತಿಯೊಬ್ಬ ಸದಸ್ಯನು ಎಷ್ಟು ಕೊಂಡನೋ ಅದಕ್ಕನುಗುಣವಾಗಿ ಅವನಿಗೇ ಮರಳುವುದು. ದ್ರವ್ಯಾನುಸಾರವಾದ ಹಂಚಿಕೆಯಲ್ಲಿ ಹಣವುಳ್ಳವನದೇ ಮೇಲುಗೈ. ಇಲ್ಲಿಯಾದರೋ ಮನೆಮಂದಿಗಾಗಿ ಹೆಚ್ಚು ಹಿಟ್ಟು ಕೊಂಡ ಬಡವಳಿಗೆ ಹೆಚ್ಚು ಪ್ರಾಪ್ತಿ. ಕೊಳ್ಳುವವನೇ ಒಡೆಯನಾದಲ್ಲಿ ಕಲಬೆರಕೆಯಿಂದ ವಂಚಿಸತಕ್ಕವರಾರು? ಸ್ಮೃತಿಕಾರನು ಹೇಳಿದ ಎರಡು ಪಕ್ಷಗಳಲ್ಲಿ ಒಡಂಬಡಿಕೆಯ ಪಕ್ಷವನ್ನು ಆ ಕೆಲಸಗಾರರು ಈ ರೀತಿಯಲ್ಲಿ ತುಂಬಿದರೆಂಬುದೇ ಇದರ ವಿಶೇಷ.

1845ರ ಕೊನೆಗೆ 74 ಆಗಿದ್ದ ಸದಸ್ಯರ ಸಂಖ್ಯೆ 1860ರಲ್ಲಿ 3,450ಕ್ಕೆ ಏರಿತು. 1904ರಲ್ಲಿ ವಿ. ಎಸ್. ಶ್ರೀನಿವಾಸಶಾಸ್ತ್ರಿಗಳೇ ಮೊದಲಾದವರು ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಸ್ಥಾಪಿಸಿದ ಸಹಕಾರ ಭಂಡಾರಕ್ಕೂ ಇದೇ ಮಾದರಿಯಾಯಿತು.

ಆದರೆ ಒಡಂಬಡಿಕೆಗೆ ಅದನ್ನು ಮಾಡಿಕೊಂಡವರ ನಿಷ್ಠೆಯೇ ರಕ್ಷೆ. ರಾಚ್‌ಡೇಲಿನವರೇ 1854ರಲ್ಲಿ ಒಂದು ಬಟ್ಟೆಯ ಗಿರಣಿಯನ್ನು ಆರಂಭಿಸಿ, ದುಡಿಯುವವರಿಗೂ ಲಾಭದಲ್ಲಿ ಭಾಗವನ್ನು ಗೊತ್ತುಮಾಡಿದ್ದರು. ಬರಬರುತ್ತ ಲಾಭಾಪೇಕ್ಷೆಯಿಂದ ಬಂದು ಸೇರಿದ ಪಾಲುದಾರರ ಸಂಖ್ಯೆ ಹೆಚ್ಚಿ, 1862ರಲ್ಲಿ ಬಹುಮತದಿಂದಲೇ ಆ ಭಾಗವು ರದ್ದಾಯಿತು. ಅಂಗಡಿಯಲ್ಲಿ ಹಿಂದೆ ಸರಿದಿದ್ದ ದ್ರವ್ಯವು ಗಿರಣಿಯಲ್ಲಿ ಮುಂದೆ ಬಂದು ಕುಳಿತಿತು. ಕೂಡಿ ಅಂಗಡಿಯಿಡುವವರು ಮೊದಲನೆಯ ಕಥೆಯೊಡನೆ ಈ ಎರಡನೆಯದನ್ನೂ ನೆನಪಿನಲ್ಲಿಡುವುದು ಯುಕ್ತ.